ಜೋಲುವ ರೆಪ್ಪೆಗೆ ಯಾವ ಆಪರೇಷನ್ ಸರಿ?

(ಕಣ್ಣಿನ ವಿಭಾಗಕ್ಕೆ ಬರುವ ರೋಗಿಗಳಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸದ ಬರಹರೂಪ)



ಮೇಲಿನ ರೆಪ್ಪೆ ಜೋತುಬಿದ್ದು ಕಣ್ಣು ಅರ್ಧ ಮುಚ್ಚಿದಂತೆ ಕಾಣುವ ತೊಂದರೆಗೆ ವೈದ್ಯರು ‘ಟೋಸಿಸ್’ ಎನ್ನುತ್ತಾರೆ. ಇದಕ್ಕಾಗಿ ಬಂದವರು ಸಾಮಾನ್ಯವಾಗಿ ಹೀಗೆ ಕೇಳುತ್ತಾರೆ: “ನಮ್ಮ ಓಣಿಯವರೊಬ್ಬರಿಗೆ ರೆಪ್ಪೆಯ ಒಳಗಿನಿಂದಲೇ ಮಾಡಿದರು, ಹೊಲಿಗೆಯ ಗುರುತೂ ಕಾಣುವುದಿಲ್ಲ. ನಮ್ಮ ಮಗುವಿಗೆ ಮಾತ್ರ ಹಣೆಯ ಹತ್ತಿರ ಕೊಯ್ಯಬೇಕು ಅಂತೀರಿ. ಯಾಕೆ?”

ಪ್ರಶ್ನೆ ನ್ಯಾಯವಾದದ್ದು. ಎಲ್ಲರಿಗೂ ಹೊಂದುವ ಒಂದೇ ಆಪರೇಷನ್ ಇದಕ್ಕಿಲ್ಲ. ರೆಪ್ಪೆಯನ್ನು ಎತ್ತುವ ಸ್ನಾಯುವಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದರ ಮೇಲೆ ಆಪರೇಷನ್ ನಿರ್ಧಾರವಾಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ರೆಪ್ಪೆಯನ್ನು ಎತ್ತುವವರು ಯಾರು?

ಮೇಲಿನ ರೆಪ್ಪೆಯನ್ನು ಎತ್ತುವ ಮುಖ್ಯ ಸ್ನಾಯುವಿನ ಹೆಸರು ಲಿವೇಟರ್. ಅದು ಕಣ್ಣುಗೂಡಿನ ಒಳಗಿನಿಂದ ಬಂದು, ತುದಿಯಲ್ಲಿ ತೆಳುವಾದ ಪಟ್ಟಿಯಾಗಿ ರೆಪ್ಪೆಗೆ ಅಂಟಿಕೊಂಡಿರುತ್ತದೆ. ಅದರ ಹಿಂದೆ ಮುಲ್ಲರ್ ಎಂಬ ಸಣ್ಣ ಸ್ನಾಯುವಿದೆ. ಅದು ರೆಪ್ಪೆಯನ್ನು ಸುಮಾರು 2 ಮಿ.ಮೀ. ಮಾತ್ರ ಎತ್ತಬಲ್ಲದು. ಮೂರನೆಯದು ಹಣೆಯ ಸ್ನಾಯು. ಇದು ಹುಬ್ಬನ್ನು ಏರಿಸಿ ರೆಪ್ಪೆಗೂ ಸ್ವಲ್ಪ ಸಹಾಯ ಮಾಡುತ್ತದೆ. ಟೋಸಿಸ್ ಇರುವವರು ಸದಾ ಹುಬ್ಬೇರಿಸಿಕೊಂಡೇ ನೋಡುವುದು ಇದರಿಂದಲೇ.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಸೇದುವವನಿಗೆ ಶಕ್ತಿ ಇದ್ದರೂ ಕೊಡಕ್ಕೆ ಕಟ್ಟಿದ ಹಗ್ಗದ ಗಂಟು ಸಡಿಲವಾಗಿದ್ದರೆ ಕೊಡ ಸರಿಯಾಗಿ ಮೇಲೆ ಬರುವುದಿಲ್ಲ. ವಯಸ್ಸಾದವರ ಟೋಸಿಸ್ ಹೆಚ್ಚಾಗಿ ಇಂಥದ್ದು. ಸ್ನಾಯು ಚೆನ್ನಾಗಿರುತ್ತದೆ, ಅದರ ಪಟ್ಟಿ ಸಡಿಲವಾಗಿರುತ್ತದೆ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ, ಹಲವು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ಮೇಲೆ ಕೂಡ ಕೆಲವರಿಗೆ ಹೀಗಾಗುತ್ತದೆ. ಹುಟ್ಟಿನಿಂದ ಬಂದ ಟೋಸಿಸ್ ಬೇರೆ. ಅಲ್ಲಿ ಸೇದುವವನಿಗೇ ಶಕ್ತಿ ಇಲ್ಲ. ಲಿವೇಟರ್ ಸ್ನಾಯುವೇ ಸರಿಯಾಗಿ ಬೆಳೆದಿರುವುದಿಲ್ಲ. ಗಂಟು ಬಿಗಿ ಮಾಡಿದರೆ ಮೊದಲನೆಯವರಿಗೆ ಗುಣವಾಗುತ್ತದೆ. ಎರಡನೆಯವರಿಗೆ ಅದಷ್ಟೇ ಸಾಲದು.

ಆಪರೇಷನ್ನಿಗೆ ಮೊದಲು ಕಾರಣ ತಿಳಿಯಬೇಕು

ರೆಪ್ಪೆ ಜೋತುಬಿದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಯ ಹೊತ್ತಿಗೆ ರೆಪ್ಪೆ ಇಳಿಯುತ್ತಿದ್ದರೆ ಅದು ಮಯಾಸ್ತೇನಿಯಾ ಎಂಬ ಕಾಯಿಲೆ ಇರಬಹುದು. ಅದಕ್ಕೆ ಮೊದಲು ಬೇಕಾದದ್ದು ಮಾತ್ರೆ. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ನರಕ್ಕೆ ಪೆಟ್ಟಾಗಿ ರೆಪ್ಪೆ ಬಿದ್ದರೆ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಸುಧಾರಿಸುತ್ತದೆ. ಅಲ್ಲಿಯವರೆಗೆ ಕಾಯಬೇಕು. ಇನ್ನು ಕೆಲವರಿಗೆ ರೆಪ್ಪೆ ಬಿದ್ದೇ ಇರುವುದಿಲ್ಲ, ವಯಸ್ಸಿನಿಂದ ಸಡಿಲವಾದ ಚರ್ಮ ರೆಪ್ಪೆಯ ಮೇಲೆ ಮಡಿಚಿ ಕುಳಿತಿರುತ್ತದೆ. ಅವರಿಗೆ ಹೆಚ್ಚಿನ ಚರ್ಮವನ್ನು ತೆಗೆದರೆ ಸಾಕು.

ಈ ಕೆಳಗಿನವುಗಳಲ್ಲಿ ಯಾವುದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ:

• ಇದ್ದಕ್ಕಿದ್ದಂತೆ ರೆಪ್ಪೆ ಬಿದ್ದು, ಜೊತೆಗೆ ಜೋರಾದ ತಲೆನೋವು ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ಅಥವಾ ಆ ಕಣ್ಣಿನ ಪಾಪೆ ದೊಡ್ಡದಾದರೆ. ಮೆದುಳಿನ ರಕ್ತನಾಳ ಉಬ್ಬಿರಬಹುದು.
• ರೆಪ್ಪೆ ಬೀಳುವುದರ ಜೊತೆಗೆ ನುಂಗಲು, ಮಾತನಾಡಲು ಅಥವಾ ಉಸಿರಾಡಲು ಕಷ್ಟವಾದರೆ.
• ಹೊಲದಲ್ಲಿ ಹಾವು ಕಚ್ಚಿದ ಮೇಲೆ, ಅಥವಾ ರಾತ್ರಿ ನೆಲದ ಮೇಲೆ ಮಲಗಿ ಎದ್ದ ಮೇಲೆ ರೆಪ್ಪೆಗಳು ಭಾರವಾಗಿ ಮುಚ್ಚಿಕೊಳ್ಳುತ್ತಿದ್ದರೆ. ನಾಗರಹಾವು ಮತ್ತು ಕಟ್ಟುಹಾವಿನ ವಿಷದ ಮೊದಲ ಗುರುತುಗಳಲ್ಲಿ ಇದೂ ಒಂದು. ಕಟ್ಟುಹಾವು ಕಚ್ಚಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಇಲ್ಲದಿರಬಹುದು. ನಾಟಿ ಔಷಧಿ, ಮಂತ್ರ ಎಂದು ಹೊತ್ತು ಕಳೆಯಬೇಡಿ.

ವೈದ್ಯರು ಸ್ಕೇಲ್ ಹಿಡಿದು ಏನು ಅಳೆಯುತ್ತಾರೆ?

ವೈದ್ಯರು ಹೆಬ್ಬೆರಳಿನಿಂದ ಹುಬ್ಬನ್ನು ಒತ್ತಿಹಿಡಿದು, ಕೆಳಗೆ ನೋಡಿ, ಮೇಲೆ ನೋಡಿ ಎನ್ನುತ್ತಾರೆ. ಹುಬ್ಬಿನ ಸಹಾಯವಿಲ್ಲದೆ ರೆಪ್ಪೆ ಎಷ್ಟು ಮಿ.ಮೀ. ಚಲಿಸಿತು ಎಂಬುದೇ ಲಿವೇಟರ್ ಸ್ನಾಯುವಿನ ಶಕ್ತಿ. ಆರೋಗ್ಯವಂತರಲ್ಲಿ ಇದು 12 ಮಿ.ಮೀ.ಗಿಂತ ಹೆಚ್ಚು. 8ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು, 5ರಿಂದ 7 ಇದ್ದರೆ ಮಧ್ಯಮ, 4 ಅಥವಾ ಅದಕ್ಕೂ ಕಡಿಮೆ ಇದ್ದರೆ ದುರ್ಬಲ. ಈ ಅಂಕಿಯನ್ನು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ.

ಮೂರು ದಾರಿಗಳು

1. ರೆಪ್ಪೆಯ ಒಳಗಿನಿಂದ ಮಾಡುವ ಆಪರೇಷನ್. ರೆಪ್ಪೆ ಸುಮಾರು 2 ಮಿ.ಮೀ. ಮಾತ್ರ ಇಳಿದಿದ್ದು, ಲಿವೇಟರ್ ಚೆನ್ನಾಗಿದ್ದರೆ ಇದು ಆಗುತ್ತದೆ. ಮೊದಲು ಕಣ್ಣಿಗೆ ಫಿನೈಲೆಫ್ರಿನ್ ಹನಿ ಹಾಕಿ ಕೆಲವು ನಿಮಿಷ ಕಾಯುತ್ತಾರೆ. ಹನಿಯಿಂದ ರೆಪ್ಪೆ ಮೇಲೆ ಬಂದರೆ, ರೆಪ್ಪೆಯನ್ನು ಮಗುಚಿ ಮುಲ್ಲರ್ ಸ್ನಾಯುವನ್ನು ಮೊಟಕು ಮಾಡುತ್ತಾರೆ. ಹೊರಗೆ ಗಾಯವಿಲ್ಲ. ಹೆಚ್ಚು ಇಳಿದ ರೆಪ್ಪೆಗೆ ಇದು ಸಾಲದು.

2. ಲಿವೇಟರ್ ಬಿಗಿ ಮಾಡುವ ಆಪರೇಷನ್. ಸ್ನಾಯುವಿನ ಶಕ್ತಿ ಒಳ್ಳೆಯದಾಗಿ ಅಥವಾ ಮಧ್ಯಮವಾಗಿ ಇರುವವರಿಗೆ ಇದು. ರೆಪ್ಪೆಯ ಸಹಜ ಮಡಿಕೆಯಲ್ಲೇ ಕೊಯ್ದು, ಸಡಿಲವಾದ ಪಟ್ಟಿಯನ್ನು ಮುಂದಕ್ಕೆ ಎಳೆದು ಹೊಲಿಯುತ್ತಾರೆ, ಇಲ್ಲವೇ ಸ್ನಾಯುವನ್ನೇ ಮೊಟಕು ಮಾಡುತ್ತಾರೆ. ಗುರುತು ಮಡಿಕೆಯಲ್ಲಿ ಮರೆಯಾಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಮಧ್ಯದಲ್ಲಿ ಕಣ್ಣು ತೆರೆಯಿರಿ, ಎದ್ದು ಕೂರಿ ಎಂದರೆ ಗಾಬರಿಯಾಗಬೇಡಿ. ಎತ್ತರ ಸರಿಯಿದೆಯೇ ಎಂದು ನೋಡಲು ಹಾಗೆ ಹೇಳುತ್ತಾರೆ.

3. ಹಣೆಗೆ ಜೋಡಿಸುವ ಆಪರೇಷನ್. ಸ್ನಾಯುವಿನ ಶಕ್ತಿ 4 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇದ್ದರೆ ರೆಪ್ಪೆಯನ್ನು ಒಂದು ಪಟ್ಟಿಯಿಂದ ಹಣೆಯ ಸ್ನಾಯುವಿಗೆ ಜೋಡಿಸುತ್ತಾರೆ. ಇದನ್ನು ಸ್ಲಿಂಗ್ ಎನ್ನುತ್ತಾರೆ. ಮಗು ಹುಬ್ಬೇರಿಸಿದಾಗ ರೆಪ್ಪೆ ಏಳುತ್ತದೆ. ಹುಬ್ಬಿನ ಹತ್ತಿರ ಸಣ್ಣ ಗಾಯಗಳಾಗುವುದು ಇದರಿಂದಲೇ.

ಸ್ಲಿಂಗ್‌ನಲ್ಲಿ ಇನ್ನೊಂದು ಆಯ್ಕೆ ಇದೆ. ಪಟ್ಟಿಯನ್ನು ಮಗುವಿನ ತೊಡೆಯ ಗಟ್ಟಿ ಪೊರೆಯಿಂದ ತೆಗೆಯಬಹುದು, ಇಲ್ಲವೇ ಸಿಲಿಕೋನ್ ಎಳೆ ಹಾಕಬಹುದು. ತೊಡೆಯ ಪೊರೆ ದೇಹದ್ದೇ ಆದ್ದರಿಂದ ಹೆಚ್ಚು ಕಾಲ ಬಾಳುತ್ತದೆ. ಆದರೆ ತೊಡೆಯಲ್ಲಿ ಇನ್ನೊಂದು ಗಾಯವಾಗುತ್ತದೆ, ಮಗುವಿಗೆ 3–4 ವರ್ಷವಾದರೂ ತುಂಬಿರಬೇಕು. ಸಿಲಿಕೋನ್ ಎಳೆಯನ್ನು ಚಿಕ್ಕ ಕೂಸಿಗೂ ಹಾಕಬಹುದು, ಮುಂದೆ ಬಿಗಿ ಅಥವಾ ಸಡಿಲ ಮಾಡಬಹುದು, ಅದು ಹಿಗ್ಗುವುದರಿಂದ ಕಣ್ಣು ಮುಚ್ಚುವುದೂ ಸುಲಭ. ಆದರೆ ವರ್ಷಗಳು ಕಳೆದಂತೆ ಸಡಿಲವಾಗಬಹುದು, ಕೀವಾಗಬಹುದು, ಆಗ ಮತ್ತೆ ಆಪರೇಷನ್ ಬೇಕಾದೀತು.

ಮಕ್ಕಳ ವಿಷಯದಲ್ಲಿ ಕಾಯುವುದೇ ಅಪಾಯ

‘ಇನ್ನೂ ಕೂಸು, ದೊಡ್ಡದಾಗಲಿ’ ಎಂದು ಮನೆಯ ಹಿರಿಯರು ಹೇಳುವುದುಂಟು. ಹೆಣ್ಣುಮಗುವಾದರೆ ‘ಮದುವೆಯ ಹೊತ್ತಿಗೆ ಮಾಡಿಸೋಣ’ ಎನ್ನುವವರೂ ಇದ್ದಾರೆ. ಇದರಲ್ಲಿ ಅಂದಕ್ಕಿಂತ ದೊಡ್ಡ ವಿಷಯವಿದೆ. ನೋಡುವುದನ್ನು ಮೆದುಳು ಎಳೆಯ ವಯಸ್ಸಿನಲ್ಲೇ ಕಲಿಯುತ್ತದೆ. ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ ಆ ಕಣ್ಣಿಗೆ ಕಲಿಯುವ ಅವಕಾಶವೇ ಸಿಗದೆ, ಅದು ‘ಸೋಮಾರಿ ಕಣ್ಣು’ ಆಗುತ್ತದೆ. ಹದಿನೆಂಟು ತುಂಬಿದ ಮೇಲೆ ರೆಪ್ಪೆ ಎತ್ತಿದರೆ ಕಣ್ಣು ತೆರೆದು ಕಾಣುತ್ತದೆ, ಆದರೆ ಕಳೆದುಹೋದ ದೃಷ್ಟಿ ಪೂರ್ತಿ ಮರಳುವುದು ಕಷ್ಟ.

ಪಾಪೆ ಮುಚ್ಚಿದ್ದರೆ ಕೆಲವು ತಿಂಗಳ ಕೂಸಿಗೂ ಆಪರೇಷನ್ ಮಾಡಬೇಕಾಗುತ್ತದೆ. ಪಾಪೆ ತೆರೆದಿದ್ದರೆ 3ರಿಂದ 5 ವರ್ಷದವರೆಗೆ ಕಾಯಬಹುದು. ಆದರೆ ನಡುನಡುವೆ ಕಣ್ಣು ತೋರಿಸುತ್ತಿರಬೇಕು. ಜೋಲುವ ರೆಪ್ಪೆಯ ಒತ್ತಡದಿಂದ ಕನ್ನಡಕದ ನಂಬರೂ ಬರಬಹುದು. ಮಗು ಗಲ್ಲ ಮೇಲೆತ್ತಿ ನೋಡುತ್ತಿದ್ದರೆ ಬೇಗ ಬನ್ನಿ. ಆಪರೇಷನ್ ಆದ ಮೇಲೂ ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಿ ಎಂದರೆ ತಪ್ಪದೆ ಮಾಡಿ.

ಇನ್ನೊಂದು ಮಾತು. ಗರ್ಭಿಣಿ ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಹೀಗಾಯಿತು ಎನ್ನುವುದು ಸುಳ್ಳು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.

ಆಪರೇಷನ್ನಿನಿಂದ ಆಗದೆ ಇರುವುದು

ಎರಡು ಕಣ್ಣೂ ತಕ್ಕಡಿಯಲ್ಲಿ ತೂಗಿದಂತೆ ಸಮವಾಗುತ್ತವೆ ಎಂದು ಯಾರೂ ಮಾತು ಕೊಡಲಾರರು. ಎತ್ತಿದ್ದು ಕಡಿಮೆಯಾಗಬಹುದು, ಹೆಚ್ಚೂ ಆಗಬಹುದು. ಕೆಲವರಿಗೆ ಎರಡನೆಯ ಸಲ ಸರಿಪಡಿಸಬೇಕಾಗುತ್ತದೆ. ಒಂದು ರೆಪ್ಪೆ ಎತ್ತಿದ ಮೇಲೆ ಇನ್ನೊಂದು ಸ್ವಲ್ಪ ಇಳಿಯುವುದೂ ಉಂಟು, ಇದನ್ನು ಮೊದಲೇ ಪರೀಕ್ಷಿಸಿ ನೋಡಬಹುದು. ಸ್ಲಿಂಗ್ ಆದ ಮಗು ಕೆಳಗೆ ನೋಡಿದಾಗ ಆ ರೆಪ್ಪೆ ಮೇಲೆಯೇ ನಿಲ್ಲುತ್ತದೆ, ನಿದ್ದೆಯಲ್ಲಿ ಕಣ್ಣು ಸ್ವಲ್ಪ ತೆರೆದಿರುತ್ತದೆ. ಕರಿಗುಡ್ಡೆ ಒಣಗಿ ಹುಣ್ಣಾಗದಂತೆ ಹಗಲು ಹನಿ, ರಾತ್ರಿ ಮುಲಾಮು ಹಾಕಲೇಬೇಕು. ಕಣ್ಣು ಮೊದಲೇ ಒಣಗುವವರಿಗೆ, ಸರಿಯಾಗಿ ಮುಚ್ಚದವರಿಗೆ ವೈದ್ಯರು ಬೇಕೆಂದೇ ಸ್ವಲ್ಪ ಕಡಿಮೆ ಎತ್ತುತ್ತಾರೆ. ಅಂದಕ್ಕಿಂತ ಕಣ್ಣು ಉಳಿಯುವುದು ಮುಖ್ಯ.

ಆಪರೇಷನ್ನಿನ ಹಿಂದೆ ಮುಂದೆ

• ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ, ಬಿ.ಪಿ. ಮಾತ್ರೆಗಳ ಬಗ್ಗೆ ಮೊದಲೇ ತಿಳಿಸಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.
• ಹಳೆಯ ಫೋಟೋ ಇದ್ದರೆ ತನ್ನಿ. ರೆಪ್ಪೆ ಯಾವಾಗಿನಿಂದ ಇಳಿಯಿತು ಎಂದು ತಿಳಿಯುತ್ತದೆ.
• ಆಪರೇಷನ್ ಆದ ಮೇಲೆ ಕಣ್ಣು ಉಜ್ಜಬೇಡಿ. ಕಾಡಿಗೆ, ಎಣ್ಣೆ, ಎದೆಹಾಲು ಯಾವುದನ್ನೂ ಹಾಕಬೇಡಿ.
• ಸ್ವಲ್ಪ ಬಾವು, ಕಪ್ಪು ಕಲೆ ಸಹಜ. ಜೋರಾದ ನೋವು, ಬೇಗ ಏರುವ ಬಾವು, ದೃಷ್ಟಿ ಮಂಜಾಗುವುದು ಸಹಜವಲ್ಲ. ರಾತ್ರಿಯಾದರೂ ಸರಿ, ತಕ್ಷಣ ಬನ್ನಿ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ಈ ಐದನ್ನು ಕೇಳಿ: ರೆಪ್ಪೆ ಬಿದ್ದದ್ದು ಏಕೆ? ಸ್ನಾಯುವಿನ ಶಕ್ತಿ ಎಷ್ಟು ಮಿ.ಮೀ.? ಯಾವ ಆಪರೇಷನ್, ಬೇರೆಯದು ಏಕೆ ಬೇಡ? ಈಗಲೇ ಮಾಡಿಸಬೇಕೆ, ಕಾಯಬಹುದೆ? ಕಣ್ಣು ಮುಚ್ಚುವುದಕ್ಕೆ ಎಷ್ಟು ತೊಂದರೆಯಾದೀತು?

ಹೀಗೆ ಕೇಳುವುದು ನಿಮ್ಮ ಹಕ್ಕು. ಇದರಿಂದ ವೈದ್ಯರಿಗೆ ಅಗೌರವವೇನೂ ಆಗುವುದಿಲ್ಲ. ಪಕ್ಕದವರಿಗೆ ಮಾಡಿದ ಆಪರೇಷನ್ ನಿಮಗೂ ಆಗಬೇಕೆಂದಿಲ್ಲ. ನಿಮ್ಮ ಕಣ್ಣಿನ ಅಳತೆಗೆ ಯಾವುದು ಹೊಂದುತ್ತದೆಯೋ ಅದೇ ನಿಮಗೆ ಒಳ್ಳೆಯದು.