ಈಗೇನು ಓದುತ್ತಿದ್ದೀರಿ?



ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಹೆಸರಾದ ಎಸ್. ಆರ್. ರಂಗನಾಥನ್ ಅವರು ಮೊದಲು ಮದ್ರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದರು. ಆಮೇಲೆ ಗ್ರಂಥಪಾಲಕರಾದರು. 1931ರಲ್ಲಿ ಐದು ಸೂತ್ರಗಳ ಒಂದು ಪುಸ್ತಕ ತಂದರು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುವುದು ಅವರ ಆ ಐದರಲ್ಲಿ ಎರಡನೆಯ ಸೂತ್ರ. ಮೂರನೆಯದು ಇದರ ತಿರುವು: ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು.

ಈ ಮೂರನೆಯ ಸೂತ್ರವೇ ಹೆಚ್ಚು ಕಷ್ಟದ್ದು ಎಂದು ನನ್ನ ಎಣಿಕೆ. ಓದುಗ ಎದ್ದು ಹೋಗಿ ಪುಸ್ತಕ ಹುಡುಕಬಲ್ಲ. ಪುಸ್ತಕ ಎದ್ದು ಬರಲಾರದು. ಕಪಾಟಿನ ಬಾಗಿಲು ತೆರೆದಿಡಿ, ಹೊಸ ಪುಸ್ತಕಗಳನ್ನು ಕಣ್ಣಿಗೆ ಬೀಳುವಂತೆ ಜೋಡಿಸಿ, ಓದುಗನ ಜೊತೆ ಮಾತಾಡಿ ಎಂದು ರಂಗನಾಥನ್ ಗ್ರಂಥಪಾಲಕರಿಗೆ ಹೇಳಿಕೊಟ್ಟರು. ಆದರೆ ಗ್ರಂಥಾಲಯದ ಹೊರಗೆ ಈ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತ ಬಂದಿರುವುದು ಒಂದು ಸಣ್ಣ ಪ್ರಶ್ನೆ: "ಈಗೇನು ಓದುತ್ತಿದ್ದೀರಿ?" ಇವತ್ತಿನ ಮಾತು ಈ ಪ್ರಶ್ನೆಯ ಬಗ್ಗೆ.

ಪ್ರಶ್ನೆಯಲ್ಲಿರುವ "ಈಗ" ಬಹಳ ಮುಖ್ಯ. ನಿಮಗೆ ಇಷ್ಟವಾದ ಪುಸ್ತಕ ಯಾವುದು ಎಂದು ಕೇಳಿದರೆ ನಾವೆಲ್ಲ ಸ್ವಲ್ಪ ನೆಟ್ಟಗೆ ಕೂತು ದೊಡ್ಡ ಹೆಸರುಗಳನ್ನು ಹೇಳುತ್ತೇವೆ. ಈಗ ಓದುತ್ತಿರುವುದೇನು ಎಂದು ಕೇಳಿದರೆ ದಿಂಬಿನ ಪಕ್ಕದಲ್ಲಿ ಇರುವುದನ್ನೇ ಹೇಳಬೇಕಾಗುತ್ತದೆ. "ಇನ್ನೂ ಅರ್ಧಕ್ಕೆ ಬಂದಿದ್ದೇನೆ, ನಿನ್ನೆ ರಾತ್ರಿ ಕೆಳಗಿಡಲಿಕ್ಕೇ ಆಗಲಿಲ್ಲ" ಎನ್ನುವವರ ದನಿಯಲ್ಲಿ ವಿಮರ್ಶೆಯ ತೂಕ ಇರುವುದಿಲ್ಲ, ಓದಿನ ಬಿಸಿ ಇರುತ್ತದೆ. ಮುಗಿಸಿದವರು ತೀರ್ಪು ಕೊಡುತ್ತಾರೆ, ಓದುತ್ತಿರುವವರು ಜೊತೆಗೆ ಕರೆಯುತ್ತಾರೆ. ಅಲ್ಲದೆ ಹೇಳಿದವರು ನಮಗೆ ಗೊತ್ತಿರುವವರು. ಅವರ ರುಚಿ ನಮಗೆ ಆಗಿಬರುತ್ತದೋ ಇಲ್ಲವೋ ಎಂಬುದೂ ಗೊತ್ತು. ಅವರಿಗೆ ಬೇಸರ ಬಂದ ಪುಸ್ತಕ ನಮಗೆ ಖಂಡಿತ ಹಿಡಿಸುತ್ತದೆ ಎನ್ನುವಂಥ ಸ್ನೇಹಿತರೂ ಇರುತ್ತಾರೆ. ಅವರ ಮಾತಿನಿಂದಲೂ ಅಷ್ಟೇ ಉಪಕಾರ.

ಒಂದು ಉದಾಹರಣೆ ಕೊಡುತ್ತೇನೆ. ಶಿವರಾಮ ಕಾರಂತರ "ಮರಳಿ ಮಣ್ಣಿಗೆ" ನಮ್ಮ ಮನೆಯಲ್ಲೇ ಇತ್ತು. ಕೋಟದ ಆಸುಪಾಸಿನ ಕಡಲತೀರದ ಒಂದು ಕುಟುಂಬದ ಮೂರು ತಲೆಮಾರಿನ ಕಥೆ. ಮೊಮ್ಮಗ ರಾಮ ಪೇಟೆ ಸುತ್ತಿ ಕೊನೆಗೆ ಊರಿಗೆ, ಮಣ್ಣಿಗೆ ಮರಳುತ್ತಾನೆ ಎಂದು ಶಾಲೆಯಲ್ಲಿ ಕೇಳಿದ್ದೆ. ಅಷ್ಟು ಗೊತ್ತಾದ ಮೇಲೆ ಓದುವ ಆಸೆ ಹುಟ್ಟಲಿಲ್ಲ. ನಮ್ಮ ಸೋದರತ್ತೆ ಒಮ್ಮೆ ಬಂದಿದ್ದಾಗ ಅದನ್ನೇ ಎರಡನೆಯ ಸಲ ಓದುತ್ತಿದ್ದರು. "ರಾಮನ ಕಥೆ ಹಾಗಿರಲಿ ಮಗಾ, ಆ ಸರಸೋತಿಯನ್ನು ನೋಡು. ಗಂಡನಿಲ್ಲದ ಹೆಂಗಸು, ಅಣ್ಣನ ಮನೆಯಲ್ಲಿ ಹೇಗೆ ದುಡಿಯುತ್ತಾಳೆ, ಹೇಗೆ ತಲೆ ಎತ್ತಿ ಮಾತಾಡುತ್ತಾಳೆ" ಎಂದರು. ನಾನು ಪುಸ್ತಕ ಹಿಡಿದದ್ದು ಆ ಮಾತಿನಿಂದ. ಸರಸೋತಿ, ಅತ್ತಿಗೆ ಪಾರೋತಿ, ಆಮೇಲೆ ಬರುವ ನಾಗವೇಣಿ, ಈ ಹೆಂಗಸರ ಬೆನ್ನಮೇಲೆ ಆ ಮನೆ ನಿಂತಿದೆ ಎಂಬುದು ಪುಟಪುಟದಲ್ಲೂ ಕಾಣತೊಡಗಿತು. ಅತ್ತೆ ಕಥೆ ಹೇಳಲಿಲ್ಲ, ಕಾದಂಬರಿಯ ಹಿರಿಮೆಯನ್ನೂ ಹೇಳಲಿಲ್ಲ. ಒಳಗೆ ಹೋಗಲು ಒಂದು ಬಾಗಿಲು ತೋರಿಸಿದರು. ಒಳ್ಳೆಯ ಓದುಗರು ಮಾಡುವುದು ಇಷ್ಟನ್ನೇ.

ಓದನ್ನು ಹಂಚಿಕೊಳ್ಳುವುದು ನಮ್ಮ ನಾಡಿಗೆ ಹೊಸದೇನಲ್ಲ. ಒಬ್ಬರೇ ಮೂಲೆಯಲ್ಲಿ ಕೂತು ಮನಸ್ಸಿನಲ್ಲೇ ಓದುವುದೇ ನಮಗೆ ಆಮೇಲೆ ಬಂದದ್ದು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ ಊರೂರಿಗೆ ಹರಡಿದ್ದು ಗಮಕದ ದನಿಯಲ್ಲಿ. ಒಬ್ಬರು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಊರಿನ ಜನ ಜಗಲಿಯ ಮೇಲೋ ಗುಡಿಯಲ್ಲೋ ಕೂತು ಕೇಳುತ್ತಾರೆ. ಅಕ್ಷರ ಬಾರದವರಿಗೂ ಪದ್ಯ ಬಾಯಿಗೆ ಬರುತ್ತಿತ್ತು. ಮಳೆ ತಪ್ಪಿದಾಗ ವಿರಾಟಪರ್ವ ಓದಿಸುವ ರೂಢಿ ಇತ್ತು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇಂದಿಗೂ ಗಮಕದ ಊರೆಂದೇ ಪ್ರಸಿದ್ಧ. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹಿಂದೆ ಊರುಗಳಲ್ಲಿ ವಾಚನ ಇಂದು ರಾತ್ರಿ ಎಲ್ಲಿಗೆ ನಿಂತಿತೋ ನಾಳೆ ಅಲ್ಲಿಂದ ಮುಂದಕ್ಕೆ. ನಡುವಿನ ಹಗಲೆಲ್ಲ ಗದ್ದೆಯಲ್ಲಿ, ಬಾವಿಕಟ್ಟೆಯಲ್ಲಿ ಅದೇ ಮಾತು. ಅದೂ ಓದೇ.

ಅಚ್ಚಿನ ಪುಸ್ತಕ ಬಂದ ಮೇಲೆ ಕೇಳುಗರನ್ನು ಓದುಗರನ್ನಾಗಿ ಮಾಡಬೇಕಾಯಿತು. ಗಳಗನಾಥರು ಆ ಕೆಲಸಕ್ಕೆ ಹೆಗಲು ಕೊಟ್ಟರು. ಐತಿಹಾಸಿಕ ಕಾದಂಬರಿಗಳನ್ನು ಬರೆದರು, "ಸದ್ಬೋಧ ಚಂದ್ರಿಕೆ" ಪತ್ರಿಕೆಯಲ್ಲಿ ಪ್ರಕಟಿಸಿದರು, ಕೊನೆಗೆ ಪುಸ್ತಕದ ಗಂಟು ಹೊತ್ತುಕೊಂಡು ತಾವೇ ಊರೂರು ತಿರುಗಿ ಮಾರಿದರು. ಮೈಸೂರು ಸೀಮೆಯಲ್ಲಿ ಜಿ. ಪಿ. ರಾಜರತ್ನಂ ಅವರೂ ಹಾಗೆಯೇ ಪುಸ್ತಕ ಹೊತ್ತು ಓದುಗರ ಹತ್ತಿರ ಹೋದವರು. ಬರೆದವರೇ ಬಾಗಿಲಿಗೆ ಬಂದು "ಇದನ್ನು ಓದಿ ನೋಡಿ" ಎಂದರೆ ಹೇಗಿದ್ದೀತು ಯೋಚಿಸಿ. ಇಷ್ಟು ಬೆವರು ಸುರಿಸಿ ಓದುಗರನ್ನು ಕಟ್ಟಿದವರ ಋಣ ನಮ್ಮ ಮೇಲೆ ಇದೆ.

ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದರು. ಸುಭಾಸ ರಸ್ತೆಯಲ್ಲಿರುವ ಅದರ ಅಟ್ಟ ಸಾಹಿತ್ಯದ ಮಾತುಕತೆಗೆ ಹೆಸರಾದ ಜಾಗ. ಕೀರ್ತಿನಾಥ ಕುರ್ತಕೋಟಿಯವರಂಥ ಮಹಾ ಓದುಗರು ಅಲ್ಲಿ ಕೂತಿರುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ "ಯಯಾತಿ"ಯನ್ನು 1961ರಲ್ಲಿ ಪ್ರಕಟಿಸಿದ್ದು ಇದೇ ಗ್ರಂಥಮಾಲೆ. ಇತಿಹಾಸವನ್ನು ಆಧರಿಸಿದ ಗಟ್ಟಿಯಾದ ನಾಟಕ ಕನ್ನಡದಲ್ಲಿ ಇಲ್ಲ ಎಂಬ ಕುರ್ತಕೋಟಿಯವರ ಮಾತು ತಮ್ಮನ್ನು "ತುಘಲಕ್" ಕಡೆಗೆ ತಿರುಗಿಸಿತು ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಓದಿದ್ದನ್ನು ಕುರಿತು ಆಡಿದ ಒಂದು ಮಾತು ಹೊಸ ಕೃತಿಯನ್ನೇ ಹುಟ್ಟಿಸಬಲ್ಲದು.

ಪಂಡಿತರ ಅಟ್ಟದ ಮಾತು ದಾಖಲಾಯಿತು. ಮನೆಯ ಹೆಂಗಸರ ಮಾತು ಅಷ್ಟಾಗಿ ದಾಖಲಾಗಲಿಲ್ಲ. ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಬಲ್ಲವರು ಈಗಲೂ ಇದ್ದಾರೆ. ಅಲ್ಲಿಂದ ತಂದ ತ್ರಿವೇಣಿಯವರ "ಬೆಕ್ಕಿನ ಕಣ್ಣು", "ಶರಪಂಜರ", ಎಂ. ಕೆ. ಇಂದಿರಾ ಅವರ "ಫಣಿಯಮ್ಮ" ಕೈಯಿಂದ ಕೈಗೆ ದಾಟಿ ರಟ್ಟು ಕಿತ್ತು, ಕಂದು ಕಾಗದದ ಹೊದಿಕೆ ಹಾಕಿಸಿಕೊಂಡು ಮತ್ತೆ ಹೊರಡುತ್ತಿದ್ದವು. ಮಧ್ಯಾಹ್ನ ಕೆಲಸ ಮುಗಿಸಿ ಒಬ್ಬರು ಓದಿ ಮುಗಿಸಿದರೆ ಸಂಜೆಯ ಹೊತ್ತಿಗೆ ಪಕ್ಕದ ಮನೆಗೆ. ಅಂಥ ಪುಸ್ತಕವೊಂದು ಸಿಕ್ಕಿದರೆ ಕೊನೆಯ ಖಾಲಿ ಪುಟ ನೋಡಿ. "ತುಂಬಾ ಚೆನ್ನಾಗಿದೆ, ತಪ್ಪದೇ ಓದಿ" ಎಂದು ಒಬ್ಬರ ನೀಲಿ ಶಾಯಿ, ಅದರ ಕೆಳಗೆ ಇನ್ನೊಬ್ಬರ ಪೆನ್ಸಿಲ್: "ಕೊನೆ ಹೀಗಾಗಬಾರದಿತ್ತು." ಹೆಸರಿಲ್ಲ, ಊರಿಲ್ಲ. ಪುಸ್ತಕದ ಮೇಲೆ ಗೀಚುವುದು ತಪ್ಪು ಎಂದು ಮಕ್ಕಳಿಗೆ ಹೇಳಬೇಕು, ನಿಜ. ಆದರೆ ಮನಸ್ಸಿನ ಒಳಗನ್ನು ಕಾದಂಬರಿಗೆ ತಂದ ತ್ರಿವೇಣಿಯವರನ್ನು ಕನ್ನಡದಲ್ಲಿ ಉಳಿಸಿದವರಲ್ಲಿ ಆ ಪೆನ್ಸಿಲ್ ಹಿಡಿದ ಹೆಂಗಸರೂ ಸೇರಿದ್ದಾರೆ. ಅವರನ್ನು ಬರೀ ಹೊತ್ತು ಕಳೆಯುವ ಓದುಗರು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಈಗಿನ ಕಾಲಕ್ಕೆ ಬರೋಣ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕೆಲವು ವರ್ಷಗಳಿಂದ ಶನಿವಾರ ಬೆಳಿಗ್ಗೆ ತರುಣರು ಚಾಪೆ ಹಾಸಿಕೊಂಡು ತಮ್ಮ ತಮ್ಮ ಪುಸ್ತಕ ಓದುತ್ತ ಕೂರುತ್ತಾರೆ. "ಕಬ್ಬನ್ ರೀಡ್ಸ್" ಎಂದು ಅದಕ್ಕೆ ಹೆಸರು; ಬೇರೆ ಊರುಗಳಿಗೂ ಹಬ್ಬಿದೆ. ಇನ್ನೊಂದು ಕಡೆ, ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ "ಹಾರ್ಟ್ ಲ್ಯಾಂಪ್" ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಪ್ರಶಸ್ತಿ ಪುಸ್ತಕವನ್ನು ಅಂಗಡಿಯ ಮುಂಭಾಗಕ್ಕೆ ತರುತ್ತದೆ. ಅಲ್ಲಿಂದ ಮನೆಯೊಳಕ್ಕೆ ತರಬೇಕಾದವರು ನಾವು. ಆ ಸಂಕಲನಕ್ಕೆ ಹೆಸರು ಕೊಟ್ಟ "ಎದೆಯ ಹಣತೆ" ಕಥೆಯನ್ನು ಕನ್ನಡದಲ್ಲೇ ಓದಿದವರು ಅದರಲ್ಲಿ ಬರುವ ತಾಯಿ ಮಕ್ಕಳ ಬಗ್ಗೆ ಮನೆಯಲ್ಲಿ ಒಂದು ಮಾತಾಡಿದರೆ ಸಾಕು, ಮನೆಮಂದಿಯಲ್ಲಿ ಇನ್ನೊಬ್ಬರು ಪುಸ್ತಕ ಕೇಳಿ ಪಡೆಯುತ್ತಾರೆ.

ಹೇಳುವುದಕ್ಕೂ ಒಂದು ರೀತಿ ಇದೆ. ಕಥೆ ಪೂರ್ತಿ ಒಪ್ಪಿಸಬೇಡಿ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪಾತ್ರವನ್ನೋ ಒಂದು ಸನ್ನಿವೇಶವನ್ನೋ ಹೇಳಿ. ಎಲ್ಲಿ ಎಳೆದಂತಾಯಿತು ಎಂಬುದನ್ನೂ ಹೇಳಿ; ಹಾಗೆ ಹೇಳಿದವರ ಮೆಚ್ಚುಗೆಯ ಮೇಲೆ ನಂಬಿಕೆ ಬರುತ್ತದೆ. ಅಡುಗೆ ಪುಸ್ತಕವೋ ಪತ್ತೇದಾರಿಯೋ ಕೃಷಿಯ ಪುಸ್ತಕವೋ, ಹೇಳಲು ಸಂಕೋಚ ಬೇಡ. ಮಕ್ಕಳ ಹತ್ತಿರ ಮಾತ್ರ "ಇದರ ನೀತಿ ಏನು" ಎಂದು ದಯವಿಟ್ಟು ಕೇಳಬೇಡಿ. "ಆಮೇಲೆ ಏನಾಯಿತು?" ಎಂದು ಕೇಳಿ, ಅವರು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳಿ.

ಪುಸ್ತಕ ಕೊಳ್ಳಲು ಎಲ್ಲರ ಕೈಯಲ್ಲೂ ದುಡ್ಡಿರುವುದಿಲ್ಲ. ಅದಕ್ಕೇ ಸಾರ್ವಜನಿಕ ಗ್ರಂಥಾಲಯ ಇದೆ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಿದ್ದೇವೆ. ಅಲ್ಲಿನ ಕಪಾಟುಗಳ ಮೇಲೆ ನಮಗೆ ಹಕ್ಕಿದೆ. ನಿಮ್ಮ ಬಡಾವಣೆಯ ಶಾಖೆಗೋ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೋ ಈ ವಾರ ಹೋಗಿ ಬನ್ನಿ. ಪಕ್ಕದಲ್ಲಿ ಕೂತವರನ್ನು ಏನು ಓದುತ್ತಿದ್ದೀರಿ ಎಂದು ಕೇಳಿ. ನೀವು ಓದುತ್ತಿರುವ ಪುಸ್ತಕದ ಹೆಸರನ್ನು ಅವರಿಗೂ ಹೇಳಿ.