ಕ್ಲಬ್ಬಿನ ಒಡೆಯರು ಯಾರು?

ಫುಟ್‌ಬಾಲ್ ಕ್ಲಬ್ಬು ಯಾರ ಸ್ವತ್ತು? ಷೇರುದಾರರದು ಎನ್ನುತ್ತದೆ ಕಾನೂನು. ನಾವು ಟೆನಿಸ್‌ನಿಂದ ಬಲ್ಲ ಲಂಡನ್ನಿನ ವಿಂಬಲ್ಡನ್‌ನಲ್ಲಿ ಫುಟ್‌ಬಾಲ್ ಅಭಿಮಾನಿಗಳು ಇದನ್ನು ಒಪ್ಪಲಿಲ್ಲ. ತಮ್ಮೂರಿನ ಕ್ಲಬ್ಬನ್ನು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಆಡಳಿತ ಮಂಡಳಿ ಹೊರಟಾಗ ಪ್ರತಿಭಟಿಸಿದರು. ಆದರೂ 2002ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಅದೇ ವರ್ಷ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ಸ್ವಂತ ಕ್ಲಬ್ಬು ಕಟ್ಟಿದರು. ಆಟಗಾರರನ್ನು ಆರಿಸಿದ್ದು ಊರಿನ ಸಾರ್ವಜನಿಕ ಬಯಲಿನಲ್ಲಿ. ಒಂಬತ್ತನೆಯ ದರ್ಜೆಯಿಂದ ಹೊರಟ ತಂಡ 2011ರಲ್ಲಿ ಫುಟ್‌ಬಾಲ್ ಲೀಗಿಗೇರಿತು. 2020ರಲ್ಲಿ ಹಳೆಯ ನೆಲೆಯಾದ ಪ್ಲೋ ಲೇನಿಗೆ ಮರಳಿತು.

ಅಭಿಮಾನಿಗಳ ಟ್ರಸ್ಟಿನಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ. ಹಾಗೆಂದು ಚರ್ಚೆ ನಿಲ್ಲಲಿಲ್ಲ. ಕ್ರೀಡಾಂಗಣಕ್ಕೆ ಹಣ ಸಾಲದಾದಾಗ ಹೊರಗಿನವರಿಗೆ ಷೇರು ಮಾರಬೇಕೆ ಎಂದು ವಾದ ನಡೆಯಿತು. ಅಭಿಮಾನಿಗಳೇ ಸಾಲಪತ್ರ ಕೊಂಡು ಹಣ ಹೂಡಿದರು. ಒಡೆತನ ಬೇಕೆಂದವರು ಅದರ ಖರ್ಚನ್ನೂ ಹೊರಬೇಕಲ್ಲವೇ?