ಶಕ್ತಿಗೆಂದು ದಿನವೂ ನುಂಗುವ ಪುಡಿ, ಗುಳಿಗೆ, ಟಾನಿಕ್
(ಹೊರರೋಗಿ ವಿಭಾಗದಲ್ಲಿ ಶುಶ್ರೂಷಾ ಶಿಕ್ಷಕಿ ನೀಡಿದ ಆರೋಗ್ಯ ಭಾಷಣದ ಬರಹರೂಪ)

ಚೀಟಿ ಹಿಡಿದು ಸರದಿ ಕಾಯುತ್ತಿರುವ ತಾಯಂದಿರೇ, ಹಿರಿಯರೇ, ಅವರ ಜೊತೆ ಬಂದ ಬಂಧುಗಳೇ,

ವಾರ್ಡಿಗೆ ಹೊಸ ರೋಗಿ ಬಂದಾಗ "ದಿನಾ ಯಾವ ಗುಳಿಗಿ ತಗೋತೀರಿ?" ಎಂದು ನಾವು ಕೇಳುತ್ತೇವೆ. "ಏನೂ ಇಲ್ರಿ" ಎಂಬ ಉತ್ತರ ಬರುತ್ತದೆ. ಸ್ವಲ್ಪ ಹೊತ್ತಿಗೆ ಚೀಲದಿಂದ ಪುಡಿಯ ಡಬ್ಬಿ, ಕ್ಯಾಲ್ಸಿಯಂ ಬಾಟಲಿ, ಮಗ ಬೆಂಗಳೂರಿನಿಂದ ತಂದ ವಿಟಮಿನ್ ಹೊರಬರುತ್ತವೆ. "ಇವು ಔಷಧ ಅಲ್ರಿ ಸಿಸ್ಟರ್, ಬರೇ ಶಕ್ತಿಗೆ" ಎನ್ನುತ್ತಾರೆ. ಇಂದಿನ ಮಾತು ಈ "ಬರೇ ಶಕ್ತಿ"ಯ ಬಗ್ಗೆ.

ಇವನ್ನು ಮಾರುವವರು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಹೆಸರು ಹೇಳುತ್ತಾರೆ. ಅದು ನಮ್ಮ ರಾಜ್ಯದಲ್ಲಿ ಗೌರವದ ಪದ್ಧತಿ. ಉಜಿರೆಯಲ್ಲಿ 1989ರಲ್ಲಿಯೇ ಅದರ ಕಾಲೇಜು ಆರಂಭವಾಯಿತು. ಬಿ.ಎನ್.ವೈ.ಎಸ್. ಪದವಿ ಪಡೆಯಲು ಐದೂವರೆ ವರ್ಷ ಬೇಕು. ನೀರು, ಮಣ್ಣು, ಬಿಸಿಲು, ಉಪವಾಸ, ಪಥ್ಯ ಇವೇ ಆ ಪದ್ಧತಿಯ ಬುನಾದಿ. ಔಷಧವಿಲ್ಲದ ಚಿಕಿತ್ಸೆ ಎಂದೇ ಅದರ ಹೆಸರು. ಹಾಗಿದ್ದ ಮೇಲೆ ಹತ್ತು ಡಬ್ಬಿ ಕೈಗಿಟ್ಟು ಸಾವಿರಾರು ರೂಪಾಯಿ ಕೇಳುವವರನ್ನು "ನೀವು ಎಲ್ಲಿ ಓದೀರಿ?" ಎಂದು ಕೇಳಲು ಸಂಕೋಚ ಬೇಡ.

ಗಾಂಧೀಜಿ ಪ್ರಕೃತಿ ಚಿಕಿತ್ಸೆಯನ್ನು ತಮ್ಮ ಮೈಮೇಲೆಯೇ ಪ್ರಯೋಗಿಸಿದವರು. 1927ರಲ್ಲಿ ರಕ್ತದೊತ್ತಡ ಹೆಚ್ಚಾದಾಗ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. 1929ರಲ್ಲಿ ಮೊಳಕೆ ಗೋಧಿ, ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು ಹೀಗೆ ಬೇಯಿಸದ ಆಹಾರವನ್ನು ತೂಕ ಮಾಡಿ ತಿಂದು, ಅದನ್ನು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು. ದೇಹಕ್ಕೆ ಒಗ್ಗದಾಗ ಕೆಲವೇ ತಿಂಗಳಲ್ಲಿ ಬಿಟ್ಟರು. ನನಗೆ ಅವರ ಪಟ್ಟಿಗಿಂತ ಆ ಪದ್ಧತಿ ಹಿಡಿಸುತ್ತದೆ: ಅಳತೆ ಇತ್ತು, ಬರೆದಿಟ್ಟರು, ಒಗ್ಗದ್ದನ್ನು ನಿಲ್ಲಿಸಿದರು.

ಅಳತೆ ಎಂದೆ. ಡಬ್ಬಿಯ ಮೇಲಿನ ದೊಡ್ಡ ಅಕ್ಷರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿಸಿ. 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಿಲಿಗ್ರಾಂ ಮಾತ್ರ. ಈ ಗುಳಿಗೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಕಬ್ಬಿಣದ ಗುಳಿಗೆಯ ಜೊತೆ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಗುಳಿಗೆಗೂ ಇವೆರಡಕ್ಕೂ ನಾಲ್ಕು ತಾಸು ಅಂತರವಿರಲಿ. ಕಬ್ಬಿಣ ನುಂಗಿದ ಕೂಡಲೇ ಚಹಾ ಕುಡಿದರೂ ಅದೇ ಕಥೆ. ನಮ್ಮಲ್ಲಿ ಚಹಾ ಬಿಡಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಒಂದೆರಡು ತಾಸು ತಡೆಯಿರಿ ಸಾಕು.

ಹೆಚ್ಚು ಹೆದರಿಕೆ ನನಗೆ ಎರಡು ವಸ್ತುಗಳದು. ಒಂದು, ವಿಟಮಿನ್ ಡಿ ಪುಡಿಯ ಪೊಟ್ಟಣ. ಅದರಲ್ಲಿ 60,000 ಯೂನಿಟ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್ ಎಂದು ಐ.ಸಿ.ಎಂ.ಆರ್. 2020ರಲ್ಲಿ ಹೇಳಿದೆ. ಅಂದರೆ ಒಂದು ಪೊಟ್ಟಣ ನೂರು ದಿನದ ಲೆಕ್ಕ! ವೈದ್ಯರು "ವಾರಕ್ಕೊಂದು" ಎಂದು ಬರೆದದ್ದನ್ನು "ದಿನಕ್ಕೊಂದು" ಎಂದು ತಿಳಿದು ತಿಂಗಳುಗಟ್ಟಲೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಪರು ಬಂದು ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಇನ್ನೊಂದು, ಹೆಸರಿಲ್ಲದ ಮೊಣಕಾಲು ನೋವಿನ ಪುಡಿ. ಶಹಾಬಾದ ಕಲ್ಲಿನ ಗಣಿಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದ ಮೈಗೆ ನೋವು ಸಹಜ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮುನ್ನ ಸಂಶಯಪಡಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಮುಖ ದುಂಡಗಾಗುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಬಹಳ ದಿನ ತಿಂದವರು ಒಮ್ಮೆಲೇ ಬಿಡುವುದೂ ಅಪಾಯ. ಪುಡಿ ಸಮೇತ ಬಂದು ವೈದ್ಯರನ್ನು ಕಾಣಿರಿ. ಯಾರೂ ಬೈಯುವುದಿಲ್ಲ.

ಹಾಗಂತ ಎಲ್ಲ ಗುಳಿಗೆಯೂ ಬೇಡವೆಂದಲ್ಲ. ಬಸುರಿ ಹೆಣ್ಣುಮಕ್ಕಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ತಪ್ಪಿಸಬಾರದು. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದ ಬಣ್ಣ. ಅತ್ತೆಯವರೇ, ಸೊಸೆ ನುಂಗಿದಳೋ ಇಲ್ಲವೋ ನೀವು ನೋಡಿಕೊಳ್ಳಿ. ಇನ್ನು ಶಾಕಾಹಾರಿಗಳಾದ ನಮಗೆ ಬಿ-12 ಸಿಗುವುದು ಹಾಲು, ಮೊಸರಿನಿಂದ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದೂ ಕಡಿಮೆಯಾಗಬಹುದು. ಕೈಕಾಲು ಜೋಮು ಹಿಡಿದರೆ "ವಯಸ್ಸಾತು" ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಿ.

ಉಳಿದ ಶಕ್ತಿಗೆ ನಮ್ಮ ತಾಟಿನಲ್ಲೇ ಬಹಳಷ್ಟಿದೆ: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಳಕೆ ಹೆಸರು. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಬ್ಯಾಳಿ, ಸೊಪ್ಪು, ಪ್ರೋಟೀನ್ ಪುಡಿಯ ಪ್ರಮಾಣ ವೈದ್ಯರನ್ನೇ ಕೇಳಬೇಕು.

ಕೂದಲು ಉದುರಬಾರದೆಂದು ಬಯೋಟಿನ್ ನುಂಗುವ ಹುಡುಗಿಯರು ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ಹೇಳಿ. ಥೈರಾಯ್ಡ್ ವರದಿ ತಪ್ಪು ಬರಬಹುದು. ಆಪರೇಶನ್ ಇದ್ದವರು ಭರ್ತಿಯಾಗುವ ದಿನವಲ್ಲ, ಮೊದಲ ಭೇಟಿಯಲ್ಲೇ ಎಲ್ಲವನ್ನೂ ತೋರಿಸಿ. ಹೆಸರು ನೆನಪಿಲ್ಲದಿದ್ದರೆ ಡಬ್ಬಿಯನ್ನೇ ತನ್ನಿ, ಖಾಲಿಯಾಗಿದ್ದರೂ ನಡೆಯುತ್ತದೆ. ಚೀಟಿ ಮಾಡಿಸುವಾಗಲೇ ಸಿಸ್ಟರ್ ಕೈಗೆ ಕೊಡಿ, ಅವರು ನಿಮ್ಮ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ.